‘ನೈಸ್’ ಎಲ್ಲಿಂದ ಬಂತು? ಇಂಗ್ಲಿಷ್ ಪದದ ಹುಟ್ಟು ಹುಡುಕುವ ದಾರಿ, ಹಂತ ಹಂತವಾಗಿ

‘ಈ ಇಂಗ್ಲಿಷ್ ಪದ ಎಲ್ಲಿಂದ ಬಂತು? ಇದರ ನಿಜವಾದ ಅರ್ಥ ಏನು?’ ಓದುಗರ ಪ್ರಶ್ನೆಗಳಲ್ಲಿ ಇದಕ್ಕೆ ಬಿಡುವೇ ಇಲ್ಲ. ಪದ ಮಾತ್ರ ಬದಲಾಗುತ್ತಿರುತ್ತದೆ. ಒಮ್ಮೆ ‘ನ್ಯೂಸ್’, ಒಮ್ಮೆ ‘ಓಕೆ’, ಇನ್ನೊಮ್ಮೆ ‘ಡೆವಿಲ್’. ಜೊತೆಗೆ ಎಲ್ಲೋ ಓದಿದ ಒಂದು ಕಥೆಯೂ ಇರುತ್ತದೆ. ‘ಇದು ನಿಜಾನಾ?’ ಅಂತ ಕೇಳುತ್ತೀರಿ. ಒಂದೊಂದು ಪದಕ್ಕೂ ಉತ್ತರ ಬರೆಯುತ್ತ ಕೂತರೆ ಮುಗಿಯುವುದಿಲ್ಲ. ಅದಕ್ಕೇ ಈ ಸಲ ಹುಡುಕುವ ದಾರಿಯನ್ನೇ ಬರೆದುಬಿಟ್ಟಿದ್ದೇನೆ.

ದಾರಿ ತೋರಿಸಲು ಒಂದು ಪದ ಬೇಕಲ್ಲ. ‘ನೈಸ್’ ತಗೊಳ್ಳೋಣ. ಇಂಗ್ಲಿಷ್ ಕಲಿಯದವರಿಗೂ ಇದು ಗೊತ್ತು. ಗೊತ್ತು ಅನ್ನುವ ಕಾರಣಕ್ಕೇ ಯಾರೂ ಇದನ್ನು ನಿಘಂಟಿನಲ್ಲಿ ನೋಡುವುದಿಲ್ಲ. ಆದರೆ ಸುಮಾರು 700 ವರ್ಷಗಳ ಹಿಂದೆ ಯಾರನ್ನಾದರೂ ‘ನೈಸ್’ ಅಂದರೆ ಅದು ಹೊಗಳಿಕೆ ಆಗಿರಲಿಲ್ಲ, ಬೈಗುಳ ಆಗಿತ್ತು. ದಡ್ಡ, ಏನೂ ತಿಳಿಯದವನು ಅಂತ ಅರ್ಥ.

ಮೊದಲು ಏನೇನು ಬೇಕು

ಇಂಟರ್ನೆಟ್ ಇರುವ ಫೋನು, ಒಂದು ನೋಟ್‌ಬುಕ್ಕು, ಒಂದೆರಡು ಗಂಟೆ. ಇಷ್ಟು ಸಾಕು. ಲ್ಯಾಟಿನ್ ಗೊತ್ತಿರಬೇಕಾಗಿಲ್ಲ.

ನಿಘಂಟುಗಳ ವಿಷಯಕ್ಕೆ ಬಂದರೆ, ಎಲ್ಲಕ್ಕಿಂತ ದೊಡ್ಡದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ನಾವು ದಿನಾ ನೋಡುವ ಚಿಕ್ಕ ಆಕ್ಸ್‌ಫರ್ಡ್ ನಿಘಂಟುಗಳ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಇದರ ಮೊದಲ ಆವೃತ್ತಿ 1884ರಿಂದ 1928ರವರೆಗೆ ಕಂತು ಕಂತಾಗಿ ಅಚ್ಚಾಯಿತು. 1989ರ ಎರಡನೇ ಆವೃತ್ತಿ 20 ಸಂಪುಟಗಳಷ್ಟಿದೆ. ಆನ್‌ಲೈನ್‌ನಲ್ಲಿ ಪೂರ್ತಿ ನೋಡಲು ಚಂದಾ ಕಟ್ಟಬೇಕು. ಆದರೆ ಎಷ್ಟೋ ಲೈಬ್ರರಿಗಳು ತಮ್ಮ ಸದಸ್ಯರಿಗೆ ಇದನ್ನು ತೆರೆದುಕೊಡುತ್ತವೆ, ಕೇಳಿ ನೋಡಿ. ಪುಕ್ಕಟೆ ಸಿಗುವವು ಮೆರಿಯಮ್-ವೆಬ್‌ಸ್ಟರ್, ಎಟಿಮಾನ್‌ಲೈನ್, ವಿಕ್ಷನರಿ. ತುಂಬ ಹಳೆಯ ಪದವಾದರೆ ಮಿಶಿಗನ್ ವಿಶ್ವವಿದ್ಯಾಲಯದ ಮಿಡಲ್ ಇಂಗ್ಲಿಷ್ ಡಿಕ್ಷನರಿ ಇದೆ. ಅದೂ ಪುಕ್ಕಟೆ.

ಕನಿಷ್ಠ ಎರಡು ನಿಘಂಟು ನೋಡದೆ ಯಾವುದನ್ನೂ ನಂಬಬೇಡಿ. ವಿಕ್ಷನರಿಯನ್ನು ಯಾರು ಬೇಕಾದರೂ ತಿದ್ದಬಹುದು. ಅಲ್ಲಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ.

ಹಂತ 1: ಇವತ್ತಿನ ಅರ್ಥಗಳನ್ನು ಬರೆದುಕೊಳ್ಳಿ

ಮೂಲ ಹುಡುಕುವ ಆತುರದಲ್ಲಿ ಎಲ್ಲರೂ ಇದನ್ನು ಬಿಟ್ಟುಬಿಡುತ್ತಾರೆ. ಪದ ಇವತ್ತು ಏನೇನು ಕೆಲಸ ಮಾಡುತ್ತಿದೆ ಅಂತ ಮೊದಲು ನೋಡಿ. ಅರ್ಥ ಬರೆಯುವ ಬದಲು ವಾಕ್ಯ ಬರೆಯಿರಿ. ಆಗ ಒಂದೇ ಅರ್ಥ ಅಂದುಕೊಂಡಿದ್ದು ನಾಲ್ಕಾಗಿ ಒಡೆಯುತ್ತದೆ.

‘ನೈಸ್ ಡೇ’ ಅಂದರೆ ಹಿತವಾದ ದಿನ. ‘ನೈಸ್ ಮ್ಯಾನ್’ ಅಂದರೆ ಒಳ್ಳೆಯವನು, ಮೃದು ಸ್ವಭಾವದವನು. ‘ನೈಸ್ ಅಂಡ್ ವಾರ್ಮ್’ ಅಂದಾಗ ‘ನೈಸ್’ಗೆ ಸ್ವಂತ ಅರ್ಥವೇ ಕಡಿಮೆ. ಮುಂದಿನ ಪದಕ್ಕೆ ಒತ್ತು ಕೊಡುತ್ತದೆ ಅಷ್ಟೆ, ನಾವು ‘ಬೆಚ್ಚಗೆ’ ಅನ್ನುವ ಬದಲು ‘ಹಿತವಾಗಿ ಬೆಚ್ಚಗೆ’ ಅಂದ ಹಾಗೆ. ಯಾರೋ ಎಲ್ಲ ಕೆಡಿಸಿಟ್ಟಾಗ ‘ನೈಸ್!’ ಅಂದರೆ ಅದು ವ್ಯಂಗ್ಯ.

ಇಷ್ಟೇ ಅಂದುಕೊಂಡಿರಾ? ಇನ್ನೊಂದಿದೆ. ‘ನೈಸ್ ಡಿಸ್ಟಿಂಕ್ಷನ್’ ಅಂದರೆ ಚೆನ್ನಾಗಿರುವ ವ್ಯತ್ಯಾಸ ಅಲ್ಲ, ಕೂದಲೆಳೆಯಷ್ಟು ಸೂಕ್ಷ್ಮವಾದ ವ್ಯತ್ಯಾಸ. ಕಾನೂನಿನ ಬರವಣಿಗೆಯಲ್ಲಿ ಇದು ಈಗಲೂ ಸಿಗುತ್ತದೆ. ‘ನೈಸಿಟಿ’ ಅನ್ನುವ ಪದದಲ್ಲೂ ಇದೇ ಅರ್ಥ ಉಳಿದಿದೆ.

ಉಳಿದ ಅರ್ಥಗಳ ಜೊತೆ ಹೊಂದದ ಇಂಥ ಒಂಟಿ ಅರ್ಥ ಕಂಡರೆ ಕೆಳಗೆ ಗೆರೆ ಎಳೆಯಿರಿ. ಅದು ಬಹಳ ಸಲ ಹಳೆಯ ಕಾಲದ ಉಳಿಕೆಯಾಗಿರುತ್ತದೆ. ಮುಂದೆ ಅದೇ ನಿಮಗೆ ಕೈಮರ.

ಹಂತ 2: ನಿಘಂಟಿನ ಸಂಕೇತಗಳನ್ನು ಬಿಡಿಸಿ

ಪದದ ಹುಟ್ಟಿನ ಕಥೆಗೆ ಕನ್ನಡದಲ್ಲಿ ವ್ಯುತ್ಪತ್ತಿ ಅಥವಾ ನಿಷ್ಪತ್ತಿ ಅನ್ನುತ್ತಾರೆ. ಇಂಗ್ಲಿಷ್ ನಿಘಂಟಿನಲ್ಲಿ ಇದು ಸಾಮಾನ್ಯವಾಗಿ ಚೌಕ ಆವರಣದೊಳಗೆ, ಪುಟಾಣಿ ಅಕ್ಷರಗಳಲ್ಲಿ, ಬರೀ ಸಂಕ್ಷೇಪಗಳಲ್ಲಿ ಇರುತ್ತದೆ. ಹೆದರಬೇಡಿ. ನಾಲ್ಕು ಗೊತ್ತಿದ್ದರೆ ಮುಕ್ಕಾಲು ಕೆಲಸ ಆಗುತ್ತದೆ.

‘ಓಇ’ ಅಂದರೆ ಓಲ್ಡ್ ಇಂಗ್ಲಿಷ್, ಸುಮಾರು 1100ಕ್ಕಿಂತ ಹಿಂದಿನದು. ‘ಎಂಇ’ ಅಂದರೆ ಮಿಡಲ್ ಇಂಗ್ಲಿಷ್, ಸುಮಾರು 1100ರಿಂದ 1500ರವರೆಗಿನದು. ‘ಓಎಫ್’ ಹಳೆಯ ಫ್ರೆಂಚ್, ‘ಎಲ್’ ಲ್ಯಾಟಿನ್. ಬಾಣದ ತುದಿಯಂಥ ಗುರುತು ಎಡಕ್ಕೆ ಮುಖ ಮಾಡಿದ್ದರೆ ‘ಇದರಿಂದ ಬಂದದ್ದು’ ಅಂತ ಓದಿಕೊಳ್ಳಿ.

ಪದದ ಮುಂದೆ ನಕ್ಷತ್ರದ ಗುರುತು ಇದ್ದರೆ ಮಾತ್ರ ಒಂದು ಕ್ಷಣ ನಿಲ್ಲಿ. ಆ ರೂಪ ಯಾವ ಬರಹದಲ್ಲೂ ಸಿಕ್ಕಿಲ್ಲ, ವಿದ್ವಾಂಸರು ಹೋಲಿಕೆಗಳಿಂದ ಊಹಿಸಿ ಕಟ್ಟಿದ್ದು ಅಂತ ಅದರ ಅರ್ಥ. ಸುಮ್ನೆ ಮಾಡಿದ ಊಹೆಯಲ್ಲ, ಲೆಕ್ಕಾಚಾರದ ಊಹೆ. ಆದರೂ ಊಹೆ ಊಹೆಯೇ. ನಿಮ್ಮ ಟಿಪ್ಪಣಿಯಲ್ಲಿ ನಕ್ಷತ್ರವನ್ನು ಬಿಟ್ಟು ಬರೆದರೆ ಅದು ದಾಖಲೆಯ ಹಾಗೆ ಕಾಣತೊಡಗುತ್ತದೆ.

ಈಗ ‘ನೈಸ್’ನ ಸರಪಳಿ ನೋಡಿ. ಲ್ಯಾಟಿನ್‌ನಲ್ಲಿ ‘ಸ್ಕೀರೆ’ ಅಂದರೆ ತಿಳಿ, ಅರಿ. ಅದರ ಮುಂದೆ ‘ನೆ’ ಸೇರಿದರೆ ಇಲ್ಲ ಅನ್ನುವ ಅರ್ಥ. ಎರಡೂ ಕೂಡಿ ‘ನೆಸ್ಕಿಯುಸ್’, ಅಂದರೆ ಅರಿಯದವನು. ಇದು ಹಳೆಯ ಫ್ರೆಂಚಿನಲ್ಲಿ ಸವೆದು ದಡ್ಡ, ಪೆದ್ದ ಅನ್ನುವ ಅರ್ಥದ ಪದವಾಯಿತು. 1066ರಲ್ಲಿ ಫ್ರಾನ್ಸ್ ಕಡೆಯ, ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಬಂದವು. ಆ ಹರಿವಿನಲ್ಲಿ ಇದೂ ಒಂದು. ಇಂಗ್ಲಿಷ್ ಬರಹದಲ್ಲಿ ಇದು ಕಾಣಿಸಿಕೊಳ್ಳುವುದು ಸುಮಾರು 1300ರ ಹೊತ್ತಿಗೆ.

ಎಚ್ಚರ: ‘ನೈಸ್ ಲ್ಯಾಟಿನ್‌ನಿಂದ ಬಂತು’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಅಜ್ಜನ ಹೆಸರು ಹೇಳಿ ಅಪ್ಪನನ್ನು ಬಿಟ್ಟ ಹಾಗಾಗುತ್ತದೆ. ನೇರ ಮೂಲ ಫ್ರೆಂಚ್, ದೂರದ ಮೂಲ ಲ್ಯಾಟಿನ್. ಎರಡನ್ನೂ ಬೇರೆ ಬೇರೆ ಬರೆಯಿರಿ.

ಹಂತ 3: ಅರ್ಥಗಳನ್ನು ಕಾಲದ ಸಾಲಿನಲ್ಲಿ ನಿಲ್ಲಿಸಿ

ಇಡೀ ಕೆಲಸದ ಜೀವ ಇಲ್ಲಿದೆ. ಇದಕ್ಕೆ ಜಾಸ್ತಿ ಹೊತ್ತು ಕೊಡಿ.

ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಹೆಚ್ಚು ಬಳಕೆಯ ಅರ್ಥ ಮೊದಲು ಬರುತ್ತದೆ. ದೊಡ್ಡ ಆಕ್ಸ್‌ಫರ್ಡ್‌ನಲ್ಲಿ ಹಳೆಯ ಅರ್ಥ ಮೊದಲು. ‘ಮೊದಲನೇ ಅರ್ಥ ಅಂದರೆ ಮುಖ್ಯ ಅರ್ಥ’ ಅಂತ ನಂಬಿ ದೊಡ್ಡ ಆಕ್ಸ್‌ಫರ್ಡ್ ತೆರೆದವರು ‘ನೈಸ್ ಅಂದರೆ ಮೂರ್ಖ’ ಅಂತ ಬರೆದುಕೊಂಡು ಬರುತ್ತಾರೆ! ಯಾವ ನಿಘಂಟು ಯಾವ ಕ್ರಮ ಇಟ್ಟುಕೊಂಡಿದೆ ಅಂತ ಅದರ ಮುನ್ನುಡಿಯಲ್ಲಿ ಹೇಳಿರುತ್ತಾರೆ. ಎರಡು ನಿಮಿಷ ಕೊಟ್ಟು ಅದನ್ನು ಓದಿ.

‘ನೈಸ್’ ನಡೆದ ದಾರಿ ಹೀಗಿದೆ. 1300ರ ಸುಮಾರಿಗೆ ದಡ್ಡ. ಮುಂದಿನ ನೂರು, ನೂರೈವತ್ತು ವರ್ಷಗಳಲ್ಲಿ ಲಂಗುಲಗಾಮಿಲ್ಲದವನು, ಷೋಕಿ ಜಾಸ್ತಿ ಇರುವವನು. ಆಮೇಲೆ ವಿಪರೀತ ನಾಜೂಕು, ಯಾವುದೂ ಒಪ್ಪದವನು, ಎಲ್ಲದಕ್ಕೂ ಮೂಗು ಮುರಿಯುವವನು. ಅದರ ಪಕ್ಕದಲ್ಲೇ ನಾಚಿಕೆ ಸ್ವಭಾವದವರು ಅನ್ನುವ ಅರ್ಥವೂ ಇತ್ತು. ಅಲ್ಲಿಂದ 16ನೇ ಶತಮಾನದಲ್ಲಿ ಸೂಕ್ಷ್ಮ, ನಿಖರ. ಹಂತ 1ರಲ್ಲಿ ಗೆರೆ ಎಳೆದ ‘ಸೂಕ್ಷ್ಮ ವ್ಯತ್ಯಾಸ’ ಇಲ್ಲಿಯದು, ನೋಡಿದಿರಾ? 18ನೇ ಶತಮಾನದಲ್ಲಿ ಹಿತವಾದ, ಚೆನ್ನಾಗಿರುವ ಅನ್ನುವ ಅರ್ಥ ಬಂತು. ಮನುಷ್ಯರ ಒಳ್ಳೆಯತನಕ್ಕೆ ಇದು ಗಟ್ಟಿಯಾಗಿ ಅಂಟಿಕೊಂಡದ್ದು 19ನೇ ಶತಮಾನದಲ್ಲಿ.

ದಡ್ಡನಿಂದ ಒಳ್ಳೆಯವನಿಗೆ ಒಂದೇ ನೆಗೆತ ಅಂದರೆ ನಂಬುವುದು ಕಷ್ಟ. ಮೆಟ್ಟಿಲು ಮೆಟ್ಟಿಲಾಗಿ ನೋಡಿದರೆ ಪ್ರತಿ ಹೆಜ್ಜೆಯೂ ಚಿಕ್ಕದು. ಎಲ್ಲದಕ್ಕೂ ಮೂಗು ಮುರಿಯುವವನಿಗೆ ಸಣ್ಣ ವ್ಯತ್ಯಾಸವೂ ಕಾಣುತ್ತದೆ. ಸಣ್ಣದನ್ನು ಕಾಣುವವನ ಅಭಿರುಚಿ ಚೆನ್ನಾಗಿರುತ್ತದೆ. ಅಂಥವನು ಒಪ್ಪಿದ ವಸ್ತುವೂ ಚೆನ್ನಾಗಿರುತ್ತದೆ. ಮೆಟ್ಟಿಲು ಸಿಗದೆ ಎರಡು ಅರ್ಥಗಳ ನಡುವೆ ದೊಡ್ಡ ಹಳ್ಳ ಕಂಡರೆ ನಿಮಗೆ ಯಾವುದೋ ಅರ್ಥ ತಪ್ಪಿಹೋಗಿದೆ ಅಂತ ಲೆಕ್ಕ.

ಇದಕ್ಕೆ ಭಾಷಾಶಾಸ್ತ್ರದಲ್ಲಿ ಅರ್ಥಪಲ್ಲಟ ಅನ್ನುತ್ತಾರೆ, ಅಂದರೆ ಪದದ ಅರ್ಥ ಜಾಗ ಬದಲಿಸುವುದು. ನಮಗೆ ಹೊಸದೇನಲ್ಲ. ‘ಎಣ್ಣೆ’ ಅಂದರೆ ಮೊದಲು ಎಳ್ಳಿನದು ಮಾತ್ರ, ಎಳ್ ಮತ್ತು ನೆಯ್ ಸೇರಿ ಆದ ಪದ. ಈಗ ಎಲ್ಲ ಎಣ್ಣೆಯೂ ಎಣ್ಣೆಯೇ. ಇದು ಅರ್ಥ ಹಿಗ್ಗಿದ್ದು. ‘ನೈಸ್’ನದು ಕೆಟ್ಟದ್ದು ಒಳ್ಳೆಯದಾದ ಕಥೆ. ಇಂಗ್ಲಿಷಿನಲ್ಲೇ ಇದಕ್ಕೆ ಪೂರ್ತಿ ಉಲ್ಟಾ ನಡೆದ ಪದ ‘ಸಿಲ್ಲಿ’. ಅದು ಹುಟ್ಟಿದ್ದು ಸುಖಿ, ಧನ್ಯ ಅನ್ನುವ ಅರ್ಥದಲ್ಲಿ. ಆಮೇಲೆ ಮುಗ್ಧ, ಆಮೇಲೆ ಪಾಪದವನು, ಕೊನೆಗೆ ಪೆದ್ದ. ಒಂದು ಮೆಟ್ಟಿಲು ಹತ್ತುತ್ತಿದ್ದರೆ ಇನ್ನೊಂದು ಇಳಿಯುತ್ತಿತ್ತು.

ಎಚ್ಚರ, ಎರಡು. ಒಂದು, ಹಳೆಯ ಅರ್ಥವೇ ‘ನಿಜವಾದ’ ಅರ್ಥ ಅಂತ ವಾದ ಮಾಡಬೇಡಿ. ‘ನಿಮ್ಮನ್ನು ನೈಸ್ ಅಂದರಲ್ಲ, ಅದು ಬೈಗುಳ ಗೊತ್ತಾ?’ ಅಂತ ಹೇಳುವವರು ಸಿಗುತ್ತಾರೆ. ಇವತ್ತು ಅದು ಬೈಗುಳ ಅಲ್ಲ, ಅಷ್ಟೆ. ಎರಡು, ನಿಘಂಟು ಕೊಡುವ ಮೊದಲ ಬಳಕೆಯ ವರ್ಷ ಪದ ಹುಟ್ಟಿದ ವರ್ಷ ಅಲ್ಲ. ಉಳಿದು ಬಂದ ಬರಹಗಳಲ್ಲಿ ಸಿಕ್ಕಿದ ಅತಿ ಹಳೆಯ ದಾಖಲೆ ಅದು. ಜನ ಮಾತಿನಲ್ಲಿ ಅದಕ್ಕೂ ಮೊದಲೇ ಬಳಸಿರುತ್ತಾರೆ. ನಾಳೆ ಇನ್ನೊಂದು ಹಳೆಯ ಕಾಗದ ಸಿಕ್ಕರೆ ವರ್ಷ ಹಿಂದಕ್ಕೆ ಹೋಗುತ್ತದೆ.

ಹಂತ 4: ಹಳೆಯ ವಾಕ್ಯವನ್ನೇ ಕಣ್ಣಾರೆ ನೋಡಿ

ನಿಘಂಟು ಹೇಳಿದ್ದನ್ನು ಒಪ್ಪಿಕೊಂಡು ಇಲ್ಲೇ ನಿಲ್ಲಬಹುದು. ಆದರೆ ಮಜಾ ಇರುವುದು ಮುಂದೆ.

ದೊಡ್ಡ ಆಕ್ಸ್‌ಫರ್ಡ್‌ನಲ್ಲಿ ಪ್ರತಿ ಅರ್ಥದ ಕೆಳಗೆ ವರ್ಷದ ಸಮೇತ ಹಳೆಯ ವಾಕ್ಯಗಳಿರುತ್ತವೆ. ಇವಕ್ಕೆ ಉಲ್ಲೇಖ ಅನ್ನುತ್ತಾರೆ. ಮೊದಲ ಆವೃತ್ತಿಗಾಗಿ ಸಾವಿರಾರು ಸ್ವಯಂಸೇವಕರು ಪುಸ್ತಕ ಓದುತ್ತ, ಒಂದೊಂದು ವಾಕ್ಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಸಂಪಾದಕ ಜೇಮ್ಸ್ ಮರ್ರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ನಿಘಂಟು ನಿಂತಿರುವುದೇ ಆ ಚೀಟಿಗಳ ಮೇಲೆ.

ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’ 1590ರ ದಶಕದ ನಾಟಕ. ಅದರ ಕೊನೆಯ ಅಂಕದಲ್ಲಿ ರೋಮಿಯೋಗೆ ಕಳಿಸಿದ ಪತ್ರ ತಲುಪಲಿಲ್ಲ ಅಂತ ತಿಳಿದಾಗ ಪಾದ್ರಿ ಲಾರೆನ್ಸ್ ಕಂಗಾಲಾಗುತ್ತಾನೆ. ಆ ಪತ್ರ ‘ನೈಸ್’ ಆಗಿರಲಿಲ್ಲ ಅನ್ನುತ್ತಾನೆ. ಇವತ್ತಿನ ಕಿವಿಗೆ ಇದು ‘ಪತ್ರ ಅಷ್ಟೇನೂ ಚೆನ್ನಾಗಿರಲಿಲ್ಲ’ ಅಂತ ಕೇಳುತ್ತದೆ. ಪಾದ್ರಿ ಹೇಳುತ್ತಿರುವುದು ಬೇರೆ. ಅದು ಕ್ಷುಲ್ಲಕ ಪತ್ರ ಆಗಿರಲಿಲ್ಲ, ಜೀವಕ್ಕೆ ಸಂಬಂಧಿಸಿದ್ದಾಗಿತ್ತು ಅಂತ. ನಿಮ್ಮ ಪಟ್ಟಿಗೆ ಇನ್ನೊಂದು ಅರ್ಥ ಸೇರಿತು: ಕ್ಷುಲ್ಲಕ, ಲೆಕ್ಕಕ್ಕಿಲ್ಲದ್ದು. ವಾಕ್ಯದ ಉಳಿದ ಭಾಗ ಓದದೆ ಇದು ಹೊಳೆಯುವುದೇ ಇಲ್ಲ. ಅದಕ್ಕೇ ಒಂದು ಸಾಲು ಸಿಕ್ಕರೆ ಹಿಂದಿನ ನಾಲ್ಕು, ಮುಂದಿನ ನಾಲ್ಕು ಸಾಲು ಓದಿ.

ಇನ್ನೂರು ವರ್ಷ ಮುಂದೆ ಬನ್ನಿ. 1817ರ ಕೊನೆಯಲ್ಲಿ ಹೊರಬಂದ ಜೇನ್ ಆಸ್ಟೆನ್ ಕಾದಂಬರಿ ‘ನಾರ್ಥ್ಯಾಂಗರ್ ಆ್ಯಬಿ’ಯಲ್ಲಿ ನಾಯಕಿ ಒಂದು ಪುಸ್ತಕವನ್ನು ‘ನೈಸ್’ ಅನ್ನುತ್ತಾಳೆ. ನಾಯಕ ಅದನ್ನೇ ಹಿಡಿದು ರೇಗಿಸುತ್ತಾನೆ. ದಿನವೂ ನೈಸ್, ವಾಕಿಂಗೂ ನೈಸ್, ನೀವೂ ನೈಸ್, ಎಲ್ಲದಕ್ಕೂ ಇದೊಂದೇ ಪದ ಸಾಕು ಅಂತ. ಅಂದರೆ ಆ ಹೊತ್ತಿಗೆ ‘ಚೆನ್ನಾಗಿರುವ’ ಅನ್ನುವ ಅರ್ಥ ಎಷ್ಟು ಹರಡಿತ್ತೆಂದರೆ ಅದು ಸವಕಲಾಗಿದೆ ಅಂತ ಗೊಣಗುವವರೂ ಹುಟ್ಟಿಕೊಂಡಿದ್ದರು. ನನ್ನ ಪ್ರಕಾರ ಇಂಥ ಗೊಣಗಾಟಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಯಾರೂ ಬಳಸದ ಪದದ ಬಗ್ಗೆ ಯಾರೂ ಗೊಣಗುವುದಿಲ್ಲ.

ನೀವೇ ಹುಡುಕುವುದಾದರೆ ಗೂಗಲ್ ಬುಕ್ಸ್ ಇದೆ. ಅದರ ಜೊತೆಗಿರುವ ಎನ್‌ಗ್ರಾಮ್ ವ್ಯೂವರ್ 2010ರಲ್ಲಿ ಬಂತು. ಒಂದು ಪದ ಯಾವ ಕಾಲದ ಪುಸ್ತಕಗಳಲ್ಲಿ ಎಷ್ಟು ಸಲ ಬಂದಿದೆ ಅಂತ ಗೆರೆ ಎಳೆದು ತೋರಿಸುತ್ತದೆ. ನೋಡಲು ಚಂದ, ಮೋಸ ಹೋಗುವುದೂ ಸುಲಭ. ಗುಂಡಿಗಳು ಎಲ್ಲೆಲ್ಲಿವೆ ಹೇಳುತ್ತೇನೆ.

ಮೊದಲನೆಯದು ಕಾಗುಣಿತ. ಹಳೆಯ ಕಾಲದ ಇಂಗ್ಲಿಷ್ ಬರಹಗಳಲ್ಲಿ ಒಂದೇ ಪದವನ್ನು ಹತ್ತು ರೀತಿ ಬರೆಯುತ್ತಿದ್ದರು. ‘ನೈಸ್’ನ ನಡುವಿನ ‘ಐ’ ಅಕ್ಷರದ ಜಾಗದಲ್ಲಿ ‘ವೈ’ ಇರುವುದು ಮಾಮೂಲು. ಇವತ್ತಿನ ಸ್ಪೆಲಿಂಗ್ ಒಂದನ್ನೇ ಹುಡುಕಿದರೆ ಅರ್ಧ ದಾಖಲೆ ಕೈತಪ್ಪುತ್ತದೆ.

ಎರಡನೆಯದು ಅಕ್ಷರದ ಆಕಾರ. ಸುಮಾರು 1800ರವರೆಗಿನ ಅಚ್ಚಿನಲ್ಲಿ ‘ಎಸ್’ ಅಕ್ಷರಕ್ಕೆ ಉದ್ದನೆಯ ಇನ್ನೊಂದು ರೂಪ ಇತ್ತು, ನೋಡಲು ‘ಎಫ್’ ಹಾಗೇ. ಕಂಪ್ಯೂಟರ್ ಅದನ್ನು ‘ಎಫ್’ ಅಂತಲೇ ಓದಿಬಿಡುತ್ತದೆ. ‘ಸೇಮ್’ ಹೋಗಿ ‘ಫೇಮ್’ ಆಗುತ್ತದೆ. ಒಂದು ಪದ 1800ರ ಸುಮಾರಿಗೆ ಇದ್ದಕ್ಕಿದ್ದಂತೆ ಏರಿದ್ದು ಅಥವಾ ಇಳಿದದ್ದು ಕಂಡರೆ ಮೊದಲು ಇದನ್ನೇ ಅನುಮಾನಿಸಿ.

ಮೂರನೆಯದು ಹೆಸರುಗಳ ಕಾಟ. ಫ್ರಾನ್ಸಿನ ‘ನೀಸ್’ ನಗರವನ್ನು ಇಂಗ್ಲಿಷಿನಲ್ಲಿ ಬರೆದರೆ ಅಕ್ಷರ ಅಕ್ಷರವೂ ‘ನೈಸ್’ ಹಾಗೇ ಇರುತ್ತದೆ. ಅದರ ಮೂಲ ಗ್ರೀಕರು ಕಟ್ಟಿದ ನಿಕಾಯ ಅನ್ನುವ ಊರು, ಗೆಲುವಿನ ದೇವತೆ ನಿಕೆಯ ಹೆಸರಿನ ಮೂಲದ್ದು. ನಮ್ಮ ಪದಕ್ಕೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಸಾಲದ್ದಕ್ಕೆ, ಕ್ರಿ.ಶ. 325ರಲ್ಲಿ ಈಗಿನ ಟರ್ಕಿಯ ಕಡೆಯ ನಿಕೇಯ ಅನ್ನುವ ಬೇರೊಂದು ಊರಿನಲ್ಲಿ ನಡೆದ ಕ್ರೈಸ್ತ ಧರ್ಮಸಭೆಯನ್ನೂ ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದೇ ಸ್ಪೆಲಿಂಗಿನಲ್ಲಿ ಬರೆಯುತ್ತಿದ್ದರು. ಹಾಗಾಗಿ ದೊಡ್ಡ ಅಕ್ಷರದಿಂದ ಶುರುವಾಗುವ ರೂಪವನ್ನು ಎಣಿಸಿದರೆ ನೀವು ಎಣಿಸುತ್ತಿರುವುದು ಪಾದ್ರಿಗಳನ್ನು.

ಹಂತ 5: ನೆಂಟರನ್ನು ಹುಡುಕಿ, ನೆಂಟರಲ್ಲದವರನ್ನು ಬಿಡಿ

ಒಂದೇ ಮೂಲದಿಂದ ಬೇರೆ ಬೇರೆ ಭಾಷೆಗಳಲ್ಲಿ ಬೆಳೆದ ಪದಗಳಿಗೆ ಜ್ಞಾತಿ ಪದಗಳು ಅನ್ನುತ್ತಾರೆ, ದಾಯಾದಿಗಳ ಹಾಗೆ. ಒಂದು ಭಾಷೆ ಇನ್ನೊಂದರಿಂದ ತೆಗೆದುಕೊಂಡದ್ದು ಎರವಲು ಪದ. ಇವೆರಡು ಬೇರೆ ಬೇರೆ.

‘ನೈಸ್’ಗೆ ಒಳ್ಳೆಯ ನೆಂಟರಿದ್ದಾರೆ. ಸ್ಪ್ಯಾನಿಷಿನ ‘ನೆಸಿಯೋ’ ಇದೇ ಲ್ಯಾಟಿನ್ ಪದದ ಮಗ. ಅದು ಇವತ್ತಿಗೂ ಮೂರ್ಖ ಅನ್ನುವ ಅರ್ಥದಲ್ಲೇ ಇದೆ. ಒಬ್ಬ ತಾಯಿಯ ಇಬ್ಬರು ಮಕ್ಕಳು, ಒಬ್ಬ ಬೈಗುಳವಾಗಿಯೇ ಉಳಿದ, ಇನ್ನೊಬ್ಬ ಹೊಗಳಿಕೆಯಾದ. ‘ಸೈನ್ಸ್’ ಕೂಡ ‘ಸ್ಕೀರೆ’ಯಿಂದಲೇ ಬಂದದ್ದು. ಅದು ತಿಳಿವು, ಇದು ತಿಳಿಯದಿರುವುದು. ಇನ್ನು ‘ನೆ’ ಅನ್ನುವ ತುಣುಕು ಸಂಸ್ಕೃತದ ‘ನ’ಕಾರಕ್ಕೆ ದಾಯಾದಿ. ‘ನಾಸ್ತಿ’ಯಲ್ಲಿರುವ ‘ನ’, ಇಂಗ್ಲಿಷಿನ ‘ನೋ’, ‘ನೆವರ್’ ಎಲ್ಲ ಒಂದೇ ಮನೆಯವು.

ಸಂಸ್ಕೃತದ ಮಾತು ಬಂತಲ್ಲ, ಇಲ್ಲೇ ನಮ್ಮವರು ಹೆಚ್ಚು ಎಡವುವುದು. ‘ನೇಮ್’ ಪದ ‘ನಾಮ’ದಿಂದ ಬಂತು, ‘ಫಾದರ್’ ಪದ ‘ಪಿತೃ’ವಿನಿಂದ ಬಂತು ಅಂತ ಹೇಳುವುದು ಎಲ್ಲೆಲ್ಲೂ ಕೇಳುತ್ತದೆ. ಬಂದಿಲ್ಲ. ಎರಡೂ ಇನ್ನೂ ಹಳೆಯ ಒಂದು ಭಾಷೆಯಿಂದ ಇಳಿದು ಬಂದ ದಾಯಾದಿಗಳು. 1786ರಲ್ಲಿ ಸಂಸ್ಕೃತ ಕಲಿತ ನ್ಯಾಯಾಧೀಶ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಹೇಳಿದ್ದೂ ಇದನ್ನೇ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಇಲ್ಲ ಅಂತ. ಚಿಕ್ಕಪ್ಪನ ಮಗನನ್ನು ಮಗ ಅಂದ ಹಾಗೆ ಆಗಬಾರದು.

ಹಾಗಾದರೆ ನೆಂಟಸ್ತಿಕೆಯನ್ನು ಪರೀಕ್ಷೆ ಮಾಡುವುದು ಹೇಗೆ? ಧ್ವನಿ ಬದಲಾಗುವ ನಿಯಮದಿಂದ. ನಮ್ಮಲ್ಲೇ ನೋಡಿ. ಹಳಗನ್ನಡದ ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು, ‘ಪುಲಿ’ ಹುಲಿಯಾಯಿತು. ಯಾವುದೋ ಒಂದು ಪದದಲ್ಲಿ ಅಲ್ಲ, ಸಾಲು ಸಾಲಾಗಿ ‘ಪ’ಕಾರ ‘ಹ’ಕಾರವಾಯಿತು. ಇಂಗ್ಲಿಷ್, ಜರ್ಮನ್ ಕಡೆಯ ಭಾಷೆಗಳಲ್ಲೂ ಹೀಗೆ ಆಗಿದೆ. ಅಲ್ಲಿ ಹಳೆಯ ‘ಪ’ ‘ಫ’ ಆಯಿತು, ‘ದ’ ‘ಟ’ ಆಯಿತು. ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ನಿಯಮವಾಗಿ ಜೋಡಿಸಿಟ್ಟ. ಪಾದ–ಫುಟ್, ಪಿತೃ–ಫಾದರ್, ದ್ವಿ–ಟೂ, ದಶ–ಟೆನ್. ಸಾಲು ಸರಿಯಾಗಿ ಕೂಡುತ್ತದೆ.

ಈ ಅಳತೆಗೋಲು ಹಿಡಿದು ‘ಡೇ’ ಪದವನ್ನು ನೋಡಿ. ಲ್ಯಾಟಿನ್‌ನಲ್ಲಿ ದಿನಕ್ಕೆ ‘ಡಿಯೇಸ್’ ಅನ್ನುತ್ತಾರೆ. ಅರ್ಥ ಒಂದೇ, ಮೊದಲ ಅಕ್ಷರ ಒಂದೇ, ನೆಂಟರೇ ಇರಬೇಕು ಅಲ್ವಾ? ಅಲ್ಲ. ನೆಂಟರಾಗಿದ್ದರೆ ಇಂಗ್ಲಿಷಿನಲ್ಲಿ ‘ಟ’ಕಾರ ಬರಬೇಕಿತ್ತು. ಇನ್ನೂ ತಮಾಷೆ ಎಂದರೆ, ಆ ಲ್ಯಾಟಿನ್ ಪದದ ಬಳಗ ‘ಟ್ಯೂಸ್‌ಡೇ’ಯ ಮೊದಲ ಅರ್ಧದಲ್ಲಿ ಅಡಗಿದೆ. ‘ಟ್ಯೂಸ್’ ಅಂದರೆ ಟೀವ್ ಅನ್ನುವ ಹಳೆಯ ಜರ್ಮಾನಿಕ್ ದೇವರ ಹೆಸರು. ಅದು ನಮ್ಮ ‘ದೇವ’ ಶಬ್ದಕ್ಕೂ ಜ್ಞಾತಿ. ತೀರ ಹೊಂದುವ ಹಾಗೆ ಕಂಡದ್ದು ನೆಂಟನಲ್ಲ, ಗುರುತೇ ಸಿಗದ್ದು ನೆಂಟ.

‘ಡೆವಿಲ್’ ಬಗ್ಗೆ ಕೇಳಿದವರಿಗೂ ಇಲ್ಲೇ ಉತ್ತರ. ಅದು ‘ದೇವ’ದಿಂದ ಬಂದದ್ದಲ್ಲ, ನೆಂಟನೂ ಅಲ್ಲ. ಗ್ರೀಕಿನ ‘ಡಿಯಾಬೊಲೊಸ್’, ಅಂದರೆ ಚಾಡಿ ಹೇಳುವವನು, ಇಲ್ಲದ ಆರೋಪ ಹೊರಿಸುವವನು, ಅದರಿಂದ ಬಂದದ್ದು. ‘ದೇವ’ಕ್ಕೆ ನಿಜವಾದ ನೆಂಟ ‘ಡಿವೈನ್’.

ಹಂತ 6: ರುಚಿಯಾದ ಕಥೆ ಸಿಕ್ಕರೆ ಅನುಮಾನಪಡಿ

ಪದದ ಹುಟ್ಟಿನ ಬಗ್ಗೆ ಓಡಾಡುವ ಕಥೆಗಳಲ್ಲಿ ಬಹುಪಾಲು ಕಟ್ಟುಕಥೆ. ನಾನೂ ಎಷ್ಟೋ ವರ್ಷ ‘ಪಾಷ್’ ಪದದ ಹಡಗಿನ ಕಥೆಯನ್ನು ನಂಬಿ ಹತ್ತಾರು ಜನಕ್ಕೆ ಹೇಳಿದ್ದೇನೆ. ಇಂಗ್ಲೆಂಡಿನಿಂದ ಭಾರತಕ್ಕೆ ಹೊರಟ ಹಡಗಿನಲ್ಲಿ ಶ್ರೀಮಂತರು ಬಿಸಿಲು ಬೀಳದ ಕಡೆಯ ಕೋಣೆ ಹಿಡಿಯುತ್ತಿದ್ದರು, ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ, ಟಿಕೆಟ್ ಮೇಲೆ ‘ಪೋರ್ಟ್ ಔಟ್, ಸ್ಟಾರ್ಬೋರ್ಡ್ ಹೋಮ್’ ಅನ್ನುವ ನಾಲ್ಕು ಪದಗಳ ಮೊದಲಕ್ಷರ ಒತ್ತುತ್ತಿದ್ದರು ಅಂತ. ಅಂಥ ಒಂದು ಟಿಕೆಟ್ಟೂ ಈವರೆಗೆ ಸಿಕ್ಕಿಲ್ಲ. ‘ನ್ಯೂಸ್’ ಅಂದರೆ ನಾಲ್ಕು ದಿಕ್ಕುಗಳ ಮೊದಲಕ್ಷರ ಅನ್ನುವುದೂ ಸುಳ್ಳೇ. ‘ನ್ಯೂ’ಗೆ ಬಹುವಚನದ ‘ಎಸ್’ ಸೇರಿದೆ ಅಷ್ಟೆ, ಹೊಸ ಸಂಗತಿಗಳು ಅಂತ.

ಸುಲಭದ ಲೆಕ್ಕ ಒಂದಿದೆ. ಮೊದಲಕ್ಷರಗಳನ್ನು ಕೂಡಿಸಿ ಪದ ಮಾಡುವ ಚಾಳಿ ಜೋರಾದದ್ದು 20ನೇ ಶತಮಾನದಲ್ಲಿ. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಇಂಥ ಕಥೆ ಹೇಳಿದರೆ ನಂಬುವ ಮೊದಲು ದಾಖಲೆ ಕೇಳಿ.

ಹಾಗಂತ ಇಂಥ ಕಥೆ ಎಲ್ಲವೂ ಸುಳ್ಳು ಅಂತ ಕಣ್ಣು ಮುಚ್ಚಿ ತಳ್ಳಿಹಾಕಲೂ ಬೇಡಿ. ‘ಓಕೆ’ ನಿಜವಾಗಿ ಮೊದಲಕ್ಷರಗಳಿಂದಲೇ ಆದದ್ದು. ‘ಆಲ್ ಕರೆಕ್ಟ್’ ಅನ್ನುವುದನ್ನು ಬೇಕೆಂದೇ ತಪ್ಪು ಸ್ಪೆಲಿಂಗಿನಲ್ಲಿ ‘ಓಲ್ ಕರೆಕ್ಟ್’ ಅಂತ ಬರೆದು, ‘ಕರೆಕ್ಟ್’ಗೂ ‘ಕೆ’ ಹಾಕಿ, ಎರಡಕ್ಷರಕ್ಕೆ ಇಳಿಸಿದ ತಮಾಷೆ. 1839ರ ಮಾರ್ಚ್ 23ರ ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಅಚ್ಚಾಗಿದೆ. ಮರುವರ್ಷದ ಅಮೆರಿಕ ಚುನಾವಣೆಯಲ್ಲಿ ಮತ್ತೆ ನಿಂತಿದ್ದ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್‌ಗೆ ‘ಓಲ್ಡ್ ಕಿಂಡರ್‌ಹುಕ್’ ಅನ್ನುವ ಅಡ್ಡಹೆಸರಿತ್ತು. ಅದೂ ‘ಓಕೆ’ಯೇ ಆಗಿ ಪದ ದೇಶವೆಲ್ಲ ಹರಡಿತು. ಇದನ್ನು ಹಳೆಯ ಪತ್ರಿಕೆಗಳಿಂದ ಹೆಕ್ಕಿ ತೋರಿಸಿದವರು ಅಮೆರಿಕದ ಭಾಷಾ ವಿದ್ವಾಂಸ ಆ್ಯಲೆನ್ ವಾಕರ್ ರೀಡ್, 1960ರ ದಶಕದಲ್ಲಿ. ‘ಪಾಷ್’ ಕಥೆಯಷ್ಟೇ ವಿಚಿತ್ರ, ಆದರೆ ಇದಕ್ಕೆ ತಾರೀಖಿದೆ, ಪತ್ರಿಕೆಯಿದೆ.

ಹಂತ 7: ಪದ ಕನ್ನಡಕ್ಕೆ ಬಂದ ಮೇಲೆ ಏನಾಯಿತು?

ಇದು ಬೇಕಾದವರಿಗೆ ಮಾತ್ರ. ‘ನೈಸ್’ ನಮ್ಮ ಮಾತಿಗೆ ಬಂದು ಬೇರೆಯೇ ಸಂಸಾರ ಹೂಡಿದೆ. ‘ನೈಸಾಗಿ ರುಬ್ಬು’ ಅಂದರೆ ನುಣ್ಣಗೆ. ‘ನೈಸಾಗಿ ಜಾರಿಕೊಂಡ’ ಅಂದರೆ ಯಾರಿಗೂ ಗೊತ್ತಾಗದ ಹಾಗೆ. ‘ನೈಸ್ ಮಾಡಬೇಡ’ ಅಂದರೆ ಪೂಸಿ ಹೊಡೆಯಬೇಡ. ಈ ಮೂರೂ ಇಂಗ್ಲಿಷಿನಲ್ಲಿ ಈ ರೂಪದಲ್ಲಿ ಇಲ್ಲ.

ಇಲ್ಲೊಂದು ಆಸೆ ಹುಟ್ಟುತ್ತದೆ. ‘ನುಣ್ಣಗೆ’ ಅನ್ನುವುದು ಇಂಗ್ಲಿಷಿನ ಹಳೆಯ ‘ಸೂಕ್ಷ್ಮ’ ಅರ್ಥದ ಉಳಿಕೆ ಇರಬಹುದಲ್ಲ? ಅಥವಾ ನಮ್ಮದೇ ‘ನಯ’ ಪದ ಪಕ್ಕದಲ್ಲಿ ಇದ್ದದ್ದರಿಂದ ಹೀಗಾಯಿತಾ? ಕೇಳಲು ಎರಡೂ ಚಂದ. ಹಂತ 6ನ್ನು ಈಗಷ್ಟೇ ಓದಿದ್ದೀರಿ. ಹಳೆಯ ಕನ್ನಡ ಪತ್ರಿಕೆ, ಕಥೆ, ನಾಟಕಗಳಲ್ಲಿ ತಾರೀಖಿನ ಸಮೇತ ‘ನೈಸು’ ಸಿಕ್ಕಿದ ಸಾಲುಗಳನ್ನು ಕೂಡಿಹಾಕುವವರೆಗೆ ಎರಡನ್ನೂ ಪೆನ್ಸಿಲಿನಲ್ಲೇ ಬರೆದಿಡಿ.

ಹಂತ 8: ಒಂದು ಚೀಟಿಯಲ್ಲಿ ಬರೆದಿಡಿ

ಹುಡುಕಿದ್ದನ್ನು ಬರೆದಿಡದಿದ್ದರೆ ಆರು ತಿಂಗಳಲ್ಲಿ ಕಥೆ ಮಾತ್ರ ನೆನಪಿರುತ್ತದೆ, ದಾಖಲೆ ಮರೆತಿರುತ್ತದೆ. ನನ್ನ ಚೀಟಿ ಹೀಗಿದೆ:

ಪದ: ನೈಸ್, ಗುಣವಾಚಕ.
ನೇರ ಮೂಲ: ಹಳೆಯ ಫ್ರೆಂಚ್, ‘ದಡ್ಡ’.
ದೂರದ ಮೂಲ: ಲ್ಯಾಟಿನ್ ನೆಸ್ಕಿಯುಸ್, ‘ಅರಿಯದವನು’. ನೆ + ಸ್ಕೀರೆ.
ಇಂಗ್ಲಿಷಿನಲ್ಲಿ ಮೊದಲು: ಸುಮಾರು 1300.
ಅರ್ಥದ ದಾರಿ: ದಡ್ಡ → ಷೋಕಿಯ → ಅತಿ ನಾಜೂಕಿನ → ಸೂಕ್ಷ್ಮ (16ನೇ ಶತಮಾನ) → ಹಿತವಾದ (18) → ಒಳ್ಳೆಯ ಸ್ವಭಾವದ (19). ಅಡ್ಡದಾರಿ: ಕ್ಷುಲ್ಲಕ (1590ರ ದಶಕ, ನಾಟಕ).
ನೆಂಟರು: ಸ್ಪ್ಯಾನಿಷ್ ನೆಸಿಯೋ; ಇಂಗ್ಲಿಷ್ ಸೈನ್ಸ್.
ನೆಂಟರಲ್ಲ: ನೀಸ್ ನಗರ.
ನೋಡಿದ ನಿಘಂಟು, ನೋಡಿದ ದಿನ:

ಕೊನೆಯ ಸಾಲನ್ನು ತುಂಬಲು ಮರೆಯಬೇಡಿ. ಆನ್‌ಲೈನ್ ನಿಘಂಟುಗಳು ತಿದ್ದುಪಡಿ ಆಗುತ್ತಲೇ ಇರುತ್ತವೆ, ದೊಡ್ಡ ಆಕ್ಸ್‌ಫರ್ಡ್ ಕೂಡ. ಇವತ್ತು ನೋಡಿದ ವರ್ಷ ಮುಂದಿನ ಸಲ ಹಿಂದಕ್ಕೆ ಸರಿದಿರಬಹುದು. ‘ಮೊದಲು’ ಅನ್ನುವ ಸಾಲಿನ ಪಕ್ಕದಲ್ಲಿ ಸ್ವಲ್ಪ ಜಾಗ ಬಿಟ್ಟಿರಿ.